ಎರಡು ತಗಡಿನ ನಡುವಿನ ನೆಗೆಟಿವ್

ಆ ಪ್ರಿಂಟ್ ಈಗಲೂ ನನ್ನ ಹತ್ತಿರ ಇದೆ. ಕಿಟಕಿ ಪಕ್ಕ ಕೂತು ಪತ್ರಿಕೆ ಓದುತ್ತಿರುವ ಒಬ್ಬ ಅಜ್ಜನ ಚಿತ್ರ. ಎಡಗಡೆ ಮೂಲೆಯಲ್ಲಿ ಪರದೆಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತದೆ. ಬಲಗಡೆ ಕೆಳಗೆ ಕುರ್ಚಿಯ ಕಾಲಿನ ಗೀರುಗಳನ್ನೂ ಎಣಿಸಬಹುದು. ನಡುವೆ ಇರುವ ಮುಖ ಮಾತ್ರ ಮಬ್ಬು. ಯಾರೋ ಗಾಜಿನ ಮೇಲೆ ಉಸಿರು ಬಿಟ್ಟು ಹೋದ ಹಾಗೆ.

ನೆಗೆಟಿವ್ ಅನ್ನು ಲೈಟ್ ಟೇಬಲ್ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಮುಖ ಚೆನ್ನಾಗಿಯೇ ಇತ್ತು. ಕನ್ನಡಕದ ಕಡ್ಡಿ ಕೂಡ ಚೂಪಾಗಿತ್ತು. ಅಂದರೆ ತಪ್ಪು ಕ್ಯಾಮೆರಾದ್ದಲ್ಲ, ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರದ್ದು, ಎನ್‌ಲಾರ್ಜರ್‌ನದು. ಎನ್‌ಲಾರ್ಜರ್ ಅಂದಮೇಲೆ ಲೆನ್ಸೇ ಅಲ್ವಾ ಮುಖ್ಯ? ಹಾಗಾಗಿ ಲೆನ್ಸಿನ ಮೇಲೆ ಬಿದ್ದೆ. ಬಿಚ್ಚಿ ಒರೆಸಿದೆ. ಪರಿಚಯದವರಿಂದ ಇನ್ನೊಂದು ಲೆನ್ಸ್ ತಂದು ಹಾಕಿದೆ. ಅದರಲ್ಲೂ ಅದೇ ಕಥೆ. ಆಗಲಾದರೂ ಬುದ್ಧಿ ಬರಬೇಕಿತ್ತು. ಇಲ್ಲ, ಆ ಲೆನ್ಸೂ ಸರಿಯಿಲ್ಲ ಅಂದುಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೂರ್ನಾಲ್ಕು ತಿಂಗಳು ನಾನು ಮಾಡಿದ್ದು ಅದನ್ನೇ.

ಕಾರಣ ಸಿಕ್ಕಿದ್ದು ನನ್ನ ಸೋಮಾರಿತನದಿಂದ. ಗ್ರೇನ್ ಫೋಕಸರ್ ಅಂತ ಒಂದು ಸಣ್ಣ ಸಾಧನ ಇರುತ್ತದೆ. ಒಂದು ಕನ್ನಡಿ, ಒಂದು ಭೂತಗನ್ನಡಿ, ಅಷ್ಟೇ. ಅದನ್ನು ಎನ್‌ಲಾರ್ಜರ್‌ನ ಅಡಿಹಲಗೆ ಮೇಲಿಟ್ಟು ಕಣ್ಣು ಹಚ್ಚಿದರೆ ಚಿತ್ರ ಕಾಣುವುದಿಲ್ಲ. ಫಿಲ್ಮಿನ ಬೆಳ್ಳಿಯ ಕಣಗಳು ಕಾಣುತ್ತವೆ, ಒದ್ದೆ ಮರಳಿನ ಹಾಗೆ. ಆ ಮರಳು ಚೂಪಾದರೆ ಫೋಕಸ್ ಸರಿ ಇದೆ ಅಂತ ಅರ್ಥ. ಅವತ್ತು ರಾತ್ರಿ ಫೋಕಸ್ ಮಾಡಿ ಮುಗಿಸಿದ್ದೆ. ಏಳಲು ಬೇಜಾರಾಗಿ ಹಾಗೇ ನೋಡುತ್ತಾ ಕೂತಿದ್ದೆ. ಕೈ ಎಲ್ಲೂ ತಾಗಿಲ್ಲ. ಫೋಕಸ್ ತಿರುಗಣೆ ಮುಟ್ಟಿಲ್ಲ. ಆದರೂ ಕಣ್ಣೆದುರೇ ಆ ಮರಳು ನಿಧಾನವಾಗಿ ಕರಗಲು ಶುರುವಾಯಿತು. ಮೊದಲು ಕಣಗಳ ಅಂಚು ಮೆತ್ತಗಾಯಿತು. ಆಮೇಲೆ ಒಂದಕ್ಕೊಂದು ಅಂಟಿಕೊಂಡವು. ಕೊನೆಗೆ ಬರೀ ಬೂದು ಬಣ್ಣ.

ದೀಪ ಆರಿಸಿದೆ. ಒಂದೆರಡು ನಿಮಿಷ ಬಿಟ್ಟು ಹಾಕಿದೆ. ಮರಳು ವಾಪಸ್ ಬಂದಿತ್ತು, ಚೂಪಾಗಿ. ಕಾದೆ. ಮತ್ತೆ ಕರಗಿತು. ಫೋಕಸರ್ ಅನ್ನು ಮೂಲೆಗೆ ಸರಿಸಿ ಇದೇ ಆಟ ಆಡಿದೆ. ಅಲ್ಲಿ ಏನೂ ಕರಗಲಿಲ್ಲ. ಮೂಲೆ ಗಟ್ಟಿ, ನಡು ಮಾತ್ರ ಕರಗುತ್ತಿದೆ. ಅಂದರೆ ಮೇಲೆ ಆ ಫಿಲ್ಮ್ ತುಂಡು ಅಂಚಿನಲ್ಲಿ ಕಚ್ಚಿಕೊಂಡು, ನಡುವಿನಲ್ಲಿ ಉಬ್ಬುತ್ತಿದೆ!

ಎನ್‌ಲಾರ್ಜರ್ ನೋಡದವರಿಗೆ ಎರಡು ಮಾತು. ಒಂದು ಕಂಬ. ಅದರ ಮೇಲೆ ಕೆಳಗೆ ಸರಿಯುವ ಒಂದು ತಲೆ. ತಲೆಯೊಳಗೆ ದೀಪ. ದೀಪದ ಕೆಳಗೆ ಬೆಳಕನ್ನು ಒಟ್ಟುಮಾಡುವ ಕಂಡೆನ್ಸರ್ ಗಾಜುಗಳು. ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಲೆನ್ಸ್, ಕೆಳಗಡೆ ಹಲಗೆ ಮೇಲೆ ಕಾಗದ. ನೆಗೆಟಿವ್ ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ, ಅದನ್ನು ಹಿಡಿಯಲು ನಡುವೆ ಕಿಟಕಿ ಕೊರೆದ ಎರಡು ಲೋಹದ ತಗಡು ಇರುತ್ತವೆ. ನೆಗೆಟಿವ್ ಕ್ಯಾರಿಯರ್ ಅನ್ನುತ್ತಾರೆ. ನನಗೆ ಮಾತ್ರ ಅದು ತಗಡೇ. ಇಡೀ ಯಂತ್ರದಲ್ಲಿ ಯಾರೂ ತಿರುಗಿ ನೋಡದ ವಸ್ತು ಅದು. ಲೆನ್ಸಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸಿಗುತ್ತಾರೆ. ತಗಡಿನ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಆದರೆ ಲೆನ್ಸ್ ನೋಡುವುದೇ ಈ ತಗಡು ಹಿಡಿದುಕೊಟ್ಟಿದ್ದನ್ನು. ತಗಡು ಸೊಟ್ಟಗೆ ಹಿಡಿದರೆ ಲೆನ್ಸ್ ಆ ಸೊಟ್ಟವನ್ನೇ ಪ್ರಾಮಾಣಿಕವಾಗಿ ಕಾಗದಕ್ಕೆ ಇಳಿಸುತ್ತದೆ.

ಫಿಲ್ಮ್ ಯಾಕೆ ಉಬ್ಬುತ್ತದೆ? ಅದು ಒಂದೇ ವಸ್ತು ಅಲ್ಲ, ಎರಡು ಪದರ. ಕೆಳಗೆ ಪ್ಲಾಸ್ಟಿಕ್ಕಿನ ಬೇಸ್, ಮೇಲೆ ಜೆಲಾಟಿನ್‌ನಲ್ಲಿ ಬೆಳ್ಳಿ ಹಿಡಿದಿಟ್ಟ ಎಮಲ್ಷನ್. ಬೇಸ್ ತೀರಾ ತೆಳು. ಇಲ್ಫರ್ಡ್‌ನ ಎಫ್‌ಪಿ4 ಪ್ಲಸ್ ಫಿಲ್ಮ್ ತಗೊಳ್ಳಿ. 35 ಎಂಎಂ ಫಿಲ್ಮಿನಲ್ಲಿ ಅದರ ಬೇಸ್ 0.125 ಮಿಲಿಮೀಟರ್, ಅದಕ್ಕಿಂತ ಅಗಲದ 120 ರೋಲಿನಲ್ಲಿ 0.110. ಜೆಲಾಟಿನ್ ಒಣಗಿದಾಗ ಕುಗ್ಗುತ್ತದೆ, ಬೇಸ್ ಅಷ್ಟು ಕುಗ್ಗುವುದಿಲ್ಲ. ಜಗ್ಗಾಟದಲ್ಲಿ ಫಿಲ್ಮ್ ಎಮಲ್ಷನ್ ಕಡೆಗೆ ಬಾಗುತ್ತದೆ. ಗಾಳಿ ಒಣಗಿದ್ದಷ್ಟೂ ಬಾಗು ಜಾಸ್ತಿ. ಇಷ್ಟು ಸಾಲದು ಅಂತ ಮೇಲಿಂದ ದೀಪದ ಶಾಖ. ಹಳೆಯ ಎನ್‌ಲಾರ್ಜರ್‌ಗಳ 75 ವ್ಯಾಟ್, 150 ವ್ಯಾಟ್ ಬಲ್ಬುಗಳು ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ನೆಗೆಟಿವ್‌ನ ಕಪ್ಪು ಭಾಗದಲ್ಲಿ ಬೆಳ್ಳಿ ದಟ್ಟವಾಗಿರುತ್ತದೆ, ಅದು ಶಾಖ ಜಾಸ್ತಿ ಹೀರುತ್ತದೆ. ಬಿಸಿಯಾಗಿ ಹಿಗ್ಗಿದ ಫಿಲ್ಮಿಗೆ ಪಕ್ಕಕ್ಕೆ ಹೋಗಲು ಜಾಗ ಇಲ್ಲ, ತಗಡು ಬಿಡುವುದಿಲ್ಲ. ಹಾಗಾಗಿ ಮೇಲಕ್ಕೋ ಕೆಳಕ್ಕೋ ನೆಗೆಯುತ್ತದೆ. ಕೆಲವು ಸಲ ಟಿಕ್ ಅಂತ ಸದ್ದು ಕೂಡ ಕೇಳುತ್ತದೆ. ಕತ್ತಲಲ್ಲಿ ಆ ಸದ್ದು ಕೇಳಿದಾಗೆಲ್ಲ ಈಗ ನನಗೆ ಒಂದು ಕಾಗದ ಹಾಳಾಯಿತು ಅಂತ ಗೊತ್ತಾಗುತ್ತದೆ.

ಗಾಜಿನ ಪ್ಲೇಟಿನ ಕಾಲದವರಿಗೆ ಈ ತಲೆನೋವು ಇರಲಿಲ್ಲ. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಜೆಲಾಟಿನ್ ಡ್ರೈ ಪ್ಲೇಟಿನ ದಾರಿ ತೋರಿಸಿದ. ಗಾಜು ಒಡೆಯುತ್ತದೆ, ಭಾರ ಇರುತ್ತದೆ, ಆದರೆ ಬಾಗುವುದಿಲ್ಲ. 1889ರಲ್ಲಿ ಈಸ್ಟ್‌ಮನ್ ಕಂಪನಿ ಸೆಲ್ಯುಲಾಯ್ಡ್ ರೋಲ್ ಫಿಲ್ಮ್ ತಂದಾಗ ಭಾರ ಹೋಯಿತು, ಸುರುಳಿ ಬಂತು. ಜನ ಎಷ್ಟು ಬೇಸತ್ತಿರಬೇಕು ಅಂದರೆ 1903ರಲ್ಲಿ ಕೊಡಕ್ 'ಸುರುಳಿಯಾಗದ ಫಿಲ್ಮ್' ಅಂತಲೇ ಒಂದನ್ನು ಮಾರಿತು. ಉಪಾಯ ಸರಳ. ಬೇಸಿನ ಬೆನ್ನಿಗೂ ಒಂದು ಪದರ ಜೆಲಾಟಿನ್ ಬಳಿದರು, ಎರಡೂ ಕಡೆಯಿಂದ ಜಗ್ಗಲಿ ಅಂತ. ಶಾಖವಂತೂ ಇನ್ನೂ ಹಳೆಯ ಸಂಗತಿ. 1857ರಲ್ಲಿ ಬಾಲ್ಟಿಮೋರ್‌ನ ಡೇವಿಡ್ ವುಡ್‌ವರ್ಡ್ ಪೇಟೆಂಟ್ ಪಡೆದ ಎನ್‌ಲಾರ್ಜರ್ ಸೂರ್ಯನ ಬೆಳಕಲ್ಲೇ ನಡೆಯುತ್ತಿತ್ತು. ಕನ್ನಡಿಯಿಂದ ಬಿಸಿಲು ಹಿಡಿದು, ಮಸೂರದಿಂದ ಒಟ್ಟುಗೂಡಿಸಿ ನೆಗೆಟಿವ್ ಮೇಲೆ ಬಿಡುವುದು. ನನ್ನ 75 ವ್ಯಾಟಿನ ಗೋಳು ಅವನ ಮುಂದೆ ಏನೂ ಅಲ್ಲ.

ಸರಿ, ಒಂದು ಕೂದಲಿನಷ್ಟು ಉಬ್ಬಿದರೆ ಅಷ್ಟೊಂದು ತೊಂದರೆಯಾ? ನನಗೂ ಹಾಗೇ ಅನಿಸಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ ಸುಮ್ಮನಾದೆ. 35 ಎಂಎಂ ಫ್ರೇಮ್ 24×36 ಮಿಲಿಮೀಟರ್. ಅದನ್ನು ಎಂಟು ಪಟ್ಟು ದೊಡ್ಡದು ಮಾಡುತ್ತಿದ್ದೇನೆ ಅಂದುಕೊಳ್ಳಿ, 50 ಎಂಎಂ ಲೆನ್ಸಿನಲ್ಲಿ. ಆಗ ಲೆನ್ಸಿನಿಂದ ನೆಗೆಟಿವ್‌ಗೆ ಸುಮಾರು 56 ಮಿಲಿಮೀಟರ್ ದೂರ, ಲೆನ್ಸಿನಿಂದ ಕಾಗದಕ್ಕೆ 450. ಚಿತ್ರದ ಅಗಲ ಎಂಟು ಪಟ್ಟಾದರೆ, ಆಳದ ದಿಕ್ಕಿನಲ್ಲಿ ಆಗುವ ಸರಿದಾಟ ಎಂಟು ಪಟ್ಟಲ್ಲ, ಎಂಟೆಂಟ್ಲ ಅರವತ್ತನಾಲ್ಕು ಪಟ್ಟು. ಮೇಲೆ ಫಿಲ್ಮ್ ಅರ್ಧ ಮಿಲಿಮೀಟರ್ ನೆಗೆದರೆ ಕೆಳಗೆ ಫೋಕಸ್ ಬೀಳುವ ಜಾಗ ಮೂರು ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ ಸರಿಯುತ್ತದೆ. ಮೂರು ಸೆಂಟಿಮೀಟರ್! ಕಾಗದದ ಕೆಳಗೆ ಒಂದು ದಪ್ಪ ನಿಘಂಟು ಇಟ್ಟು ಪ್ರಿಂಟ್ ಮಾಡಿದ ಹಾಗೆ.

ಲೆನ್ಸಿನ ಬಾಯಿ ಕಿರಿದು ಮಾಡಿದರೆ ಸ್ವಲ್ಪ ಉಸಿರಾಡಬಹುದು. ಬಾಯಿಯ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಕಿರಿದು. ಎಫ್/8ರಲ್ಲಿ ಕಾಗದದಿಂದ ಮೇಲಕ್ಕೋ ಕೆಳಕ್ಕೋ ಏಳು ಮಿಲಿಮೀಟರ್‌ನಷ್ಟು ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅಂದರೆ ನೆಗೆಟಿವ್ 0.1 ಮಿಲಿಮೀಟರ್ ಅಲುಗಿದರೂ ನಡೆಯುತ್ತದೆ. ಅರ್ಧ ಮಿಲಿಮೀಟರ್ ಅಲುಗಿದರೆ ಯಾವ ದೇವರೂ ಕಾಪಾಡುವುದಿಲ್ಲ. ಎಫ್/8ಕ್ಕೆ ಇಳಿಸಿ ಅಂತ ಎಲ್ಲರೂ ಹೇಳುತ್ತಾರಲ್ಲ, ಲೆನ್ಸ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದು ಅದಕ್ಕೆ ಕೊಡುವ ಕಾರಣ. ಅದು ನಿಜವೇ. ಆದರೆ ಅರ್ಧ ಕಾರಣ ಈ ತಗಡಿನ ಮಾನ ಮುಚ್ಚುವುದು ಅಂತ ನನ್ನ ಅನುಮಾನ.

ಅಜ್ಜನ ಮುಖ ಮಬ್ಬಾದದ್ದು ಹೇಗೆ ಅಂತ ಈಗ ಬಿಡಿಸಿ ನೋಡಬಹುದು. ದೀಪ ಹಾಕಿ ನಿಧಾನಕ್ಕೆ ಫೋಕಸ್ ಮಾಡುತ್ತೇನೆ. ಅಷ್ಟು ಹೊತ್ತಿಗೆ ನೆಗೆಟಿವ್ ಬಿಸಿಯಾಗಿ ಉಬ್ಬಿರುತ್ತದೆ. ನಾನು ಫೋಕಸ್ ಮಾಡಿದ್ದು ಉಬ್ಬಿದ ನೆಗೆಟಿವ್‌ಗೆ. ದೀಪ ಆರಿಸುತ್ತೇನೆ. ಕಾಗದದ ಡಬ್ಬ ತೆಗೆದು, ಒಂದು ಹಾಳೆ ಹೊರಗೆಳೆದು, ಕಾಗದ ಹಿಡಿಯುವ ಈಸೆಲ್‌ಗೆ ಸಿಕ್ಕಿಸಿ, ಟೈಮರ್ ಹುಡುಕುವಷ್ಟರಲ್ಲಿ ನೆಗೆಟಿವ್ ತಣ್ಣಗಾಗಿ ಮೊದಲಿನ ಜಾಗಕ್ಕೆ ಹೋಗಿರುತ್ತದೆ. ಬಟನ್ ಒತ್ತುತ್ತೇನೆ. ಕಾಗದಕ್ಕೆ ಬೆಳಕು ಬೀಳಿಸುವ ಹದಿನೈದು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಮೊದಲ ಹತ್ತು ಸೆಕೆಂಡ್ ತಣ್ಣಗಿನ ನೆಗೆಟಿವ್‌ನ ಚಿತ್ರ, ಕೊನೆಯ ಐದು ಸೆಕೆಂಡ್ ಉಬ್ಬಿದ ನೆಗೆಟಿವ್‌ನದು. ಒಂದೇ ಕಾಗದದ ಮೇಲೆ ಎರಡು ಚಿತ್ರ, ಒಂದರ ಮೇಲೊಂದು. ಒಂದು ಮಬ್ಬು, ಒಂದು ಚೂಪು. ಲೆನ್ಸ್ ಪಾಪ ಏನು ಮಾಡೀತು?

ಮೊದಲು ಕಲಿತ ಉಪಾಯಕ್ಕೆ ಖರ್ಚೇ ಇಲ್ಲ. ಲೆನ್ಸಿನ ಕೆಳಗೆ ತಿರುಗಿಸಿ ತರುವ ಕೆಂಪು ಫಿಲ್ಟರ್ ಹೆಚ್ಚಿನ ಎನ್‌ಲಾರ್ಜರ್‌ಗಳಲ್ಲಿ ಇರುತ್ತದೆ. ಕಪ್ಪು ಬಿಳುಪು ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಫಿಲ್ಟರ್ ಅಡ್ಡ ತಂದು, ಕಾಗದ ಇಟ್ಟು, ದೀಪ ಹಾಕಿ ಕಾಯುವುದು. ನೆಗೆಟಿವ್ ಉಬ್ಬುವುದಿದ್ದರೆ ಉಬ್ಬಿಕೊಳ್ಳಲಿ. ಅದು ನಿಂತ ಮೇಲೆ ದೀಪ ಆರಿಸಿ, ಫಿಲ್ಟರ್ ಸರಿಸಿ, ತಡಮಾಡದೆ ಎಕ್ಸ್‌ಪೋಷರ್ ಕೊಡುವುದು. ಫೋಕಸ್ ಕೂಡ ಹಾಗೆ ಬಿಸಿಯಾದ ಮೇಲೆಯೇ ಮಾಡಬೇಕು. ಇದು ಕೆಲಸ ಮಾಡುತ್ತದೆ. ಆದರೆ ಉಬ್ಬು ಹೋಗುವುದಿಲ್ಲ, ಸ್ಥಿರವಾಗುತ್ತದೆ ಅಷ್ಟೇ. ನಡು ಚೂಪು ಮಾಡಿದರೆ ಮೂಲೆ ಮೆತ್ತಗೆ, ಮೂಲೆ ಹಿಡಿದರೆ ನಡು ಮೆತ್ತಗೆ. ಎಲ್ಲೋ ಮಧ್ಯದಲ್ಲಿ ನಿಂತು ಎಫ್/8ಕ್ಕೋ ಎಫ್/11ಕ್ಕೋ ಇಳಿಸಿ ರಾಜಿ ಮಾಡಿಕೊಳ್ಳಬೇಕು. ಈಚೆಗೆ ಎಲ್‌ಇಡಿ ದೀಪ ಹಾಕಿಕೊಂಡವರಿಗೆ ಶಾಖದ ಕಾಟ ತುಂಬಾ ಕಡಿಮೆ. ಹುಟ್ಟಿನಿಂದ ಬಂದ ಬಾಗು ಮಾತ್ರ ಅವರಿಗೂ ತಪ್ಪಿದ್ದಲ್ಲ.

ಪೂರ್ತಿ ಚಪ್ಪಟೆ ಬೇಕು ಅಂದರೆ ಗಾಜು. ಎರಡು ತಗಡಿನ ಕಿಟಕಿಗೂ ಗಾಜು ಕೂರಿಸಿ ಅದರ ನಡುವೆ ಫಿಲ್ಮ್ ಇಟ್ಟು ಒತ್ತುವುದು. ಎಲ್ಲಿಗೆ ಹೋದೀತು ಆಮೇಲೆ? ನಾನು ಗಾಜಿನ ಕ್ಯಾರಿಯರ್ ಹಾಕಿ ಮೊದಲ ಸಲ ಫೋಕಸರ್‌ನಲ್ಲಿ ನೋಡಿದಾಗ ನಿಜವಾಗಲೂ ನಕ್ಕುಬಿಟ್ಟೆ. ನಡು, ಮೂಲೆ, ಅಂಚು, ಎಲ್ಲ ಕಡೆ ಅದೇ ಚೂಪು ಮರಳು. ಐದು ನಿಮಿಷ ದೀಪ ಉರಿಸಿದರೂ ಅಲುಗಲಿಲ್ಲ.

ಪ್ರಿಂಟ್ ಚಿತ್ರ ಮೂಡಿಸುವ ದ್ರಾವಣದಿಂದ, ಅಂದರೆ ಡೆವಲಪರ್‌ನಿಂದ, ಎದ್ದು ಬಂದಾಗ ನಗು ನಿಂತಿತು. ಅಜ್ಜನ ಮುಖದ ತುಂಬಾ ಬಿಳಿ ಚುಕ್ಕೆ.

ಲೆಕ್ಕ ನೋಡಿ. ಗಾಜಿಲ್ಲದ ಕ್ಯಾರಿಯರ್‌ನಲ್ಲಿ ಧೂಳು ಕೂರಲು ಫಿಲ್ಮಿನ ಎರಡು ಮುಖ ಮಾತ್ರ. ಎರಡು ಗಾಜು ಸೇರಿದರೆ ಆರು ಮುಖ. ನೆಗೆಟಿವ್ ಮೇಲೆ 0.1 ಮಿಲಿಮೀಟರ್‌ನ ಧೂಳಿನ ಕಣ ಇದ್ದರೆ ಎಂಟು ಪಟ್ಟಿನ ಪ್ರಿಂಟ್ ಮೇಲೆ 0.8 ಮಿಲಿಮೀಟರ್‌ನ ಬಿಳಿ ಚುಕ್ಕೆ. ಬಿಳಿ ಯಾಕೆಂದರೆ ಅಲ್ಲಿ ಬೆಳಕು ಕಾಗದವನ್ನು ತಲುಪಲೇ ಇಲ್ಲ. ಅದರಲ್ಲೂ ನನ್ನದು ಕಂಡೆನ್ಸರ್ ಎನ್‌ಲಾರ್ಜರ್. ಕಂಡೆನ್ಸರ್ ಬೆಳಕು ನೇರ, ಕಟ್ಟುನಿಟ್ಟು, ಎಲ್ಲ ಕೊಳೆಯನ್ನೂ ಎತ್ತಿ ತೋರಿಸುತ್ತದೆ. ಹಾಲುಗಾಜಿನಿಂದ ಹರಡಿ ಬರುವ ಬೆಳಕು ಸ್ವಲ್ಪ ಕರುಣೆ ತೋರಿಸುತ್ತದೆ. ಒಂದೇ ನೆಗೆಟಿವ್ ಈ ಎರಡು ಬೆಳಕಿನಲ್ಲಿ ಬೇರೆ ಬೇರೆ ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ಅಂತರ, ಕೊಡುವುದು ಯಾಕೆ ಅಂತ ಆಂಡ್ರೆ ಕ್ಯಾಲಿಯೆ ಅನ್ನುವವನು 1909ರಲ್ಲಿ ಅಳೆದು ಬರೆದಿಟ್ಟಿದ್ದಾನೆ. ಬೆಳ್ಳಿಯ ಕಣಗಳು ನೇರ ಬೆಳಕನ್ನು ಆಚೀಚೆ ಚೆದುರಿಸುತ್ತವೆ, ಚೆದುರಿದ್ದು ಲೆನ್ಸಿಗೆ ಸಿಗುವುದಿಲ್ಲ ಅನ್ನುವುದು ಸಾರ. ಗೀರಿನ ವಿಷಯವೂ ಅದೇ.

ಧೂಳಿನ ಜೊತೆಗೆ ಇನ್ನೊಂದು ಬಂದಿತ್ತು. ಹಿನ್ನೆಲೆಯ ಗೋಡೆ ಮೇಲೆ ಅಲೆ ಅಲೆಯಾಗಿ ಉಂಗುರಗಳು. ನೀರಿಗೆ ಕಲ್ಲು ಹಾಕಿದಾಗ ಏಳುತ್ತವಲ್ಲ, ಆ ಥರ, ಆದರೆ ಸೊಟ್ಟಪಟ್ಟ. ಮೊದಲು ಡೆವಲಪರ್ ಸರಿಯಾಗಿ ಕಲಕಲಿಲ್ಲವೇನೋ ಅಂದುಕೊಂಡೆ. ಎರಡನೇ ಪ್ರಿಂಟಿನಲ್ಲೂ ಅದೇ ಜಾಗದಲ್ಲಿ ಬಂತು. ಇವು ನ್ಯೂಟನ್ ಉಂಗುರಗಳು. ನುಣುಪಾದ ಎರಡು ಮೈ ಒಂದಕ್ಕೊಂದು ತೀರಾ ಹತ್ತಿರ ಬಂದು, ನಡುವಿನ ಗಾಳಿಯ ಸಂದು ಬೆಳಕಿನ ಅಲೆಯಷ್ಟೇ ಸಣ್ಣದಾದಾಗ, ಎರಡು ಮೈಯಿಂದ ಮರಳಿದ ಬೆಳಕು ಕೆಲವು ಕಡೆ ಕೂಡಿಕೊಳ್ಳುತ್ತದೆ, ಕೆಲವು ಕಡೆ ಕಳೆದುಕೊಳ್ಳುತ್ತದೆ. ಇಂಥ ಬಣ್ಣಗಳನ್ನು ರಾಬರ್ಟ್ ಹುಕ್ 1665ರಲ್ಲೇ ವಿವರಿಸಿದ್ದ. ಆದರೆ ಹೆಸರು ನ್ಯೂಟನ್‌ಗೆ ಹೋಯಿತು. ಅವರಿಬ್ಬರ ಜಗಳ ಅವರಿಗಿರಲಿ, ನನ್ನ ಗೋಡೆ ಮೇಲೆ ಯಾಕೆ ಬರಬೇಕು?

ಫಿಲ್ಮಿನ ಎರಡು ಮುಖವನ್ನೂ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ ಉತ್ತರ ಸಿಗುತ್ತದೆ. ಎಮಲ್ಷನ್ ಕಡೆ ಸ್ವಲ್ಪ ಮಂಕು, ಚಿತ್ರ ಉಬ್ಬಿದಂತೆ ಕಾಣುತ್ತದೆ. ಬೇಸ್ ಕಡೆ ಗಾಜಿನ ಹಾಗೆ ಹೊಳಪು. ಉಂಗುರ ಹುಟ್ಟುವುದು ಆ ಹೊಳೆಯುವ ಬೆನ್ನಿಗೂ ಮೇಲಿನ ಗಾಜಿಗೂ ನಡುವೆ. ಎಮಲ್ಷನ್ ತುಸು ಒರಟು, ಅದು ಗಾಜಿಗೆ ಅಷ್ಟು ಒತ್ತಿ ಕೂರುವುದಿಲ್ಲ. ಎನ್‌ಲಾರ್ಜರ್‌ನಲ್ಲಿ ಎಮಲ್ಷನ್ ಕೆಳಗೆ, ಲೆನ್ಸಿನ ಕಡೆ ಇರಬೇಕು. ಇಲ್ಲದಿದ್ದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಆಗುತ್ತದೆ. ಹಾಗಾಗಿ ಹೊಳಪಿನ ಬೆನ್ನು ಯಾವಾಗಲೂ ಮೇಲೆ. ಅಲ್ಲಿ ಮಾತ್ರ ಆಂಟಿ ನ್ಯೂಟನ್ ಗಾಜು ಹಾಕಿದರೆ ಸಾಕು. ಕಣ್ಣಿಗೆ ಕಂಡೂ ಕಾಣದಷ್ಟು ಒರಟು ಮಾಡಿದ ಗಾಜು ಅದು. ಅದನ್ನು ಕೆಳಗೆ ಹಾಕಬಾರದು. ಅದರ ಒರಟುತನ ಆಕಾಶದಂಥ ಬೋಳು ಜಾಗದಲ್ಲಿ ಪ್ರಿಂಟಿಗೆ ಇಳಿಯಬಹುದು.

ಸುಮಾರು ಹೊಡೆದಾಡಿ ನಾನು ಬಂದು ನಿಂತದ್ದು ಅರ್ಧ ಗಾಜಿಗೆ. ಮೇಲೆ ಆಂಟಿ ನ್ಯೂಟನ್ ಗಾಜು, ಕೆಳಗೆ ಖಾಲಿ ಕಿಟಕಿ. ಬಾಗಿದ ಫಿಲ್ಮಿನ ಬೆನ್ನುಬ್ಬು ಮೇಲಕ್ಕೇ ಇರುವುದರಿಂದ ಮೇಲಿನ ಗಾಜು ಒತ್ತಿದರೆ ಸಾಕು, 35 ಎಂಎಂ ಮಟ್ಟಿಗೆ. ಮುಖ ಆರಲ್ಲ, ನಾಲ್ಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಲೆಕ್ಕ. ಹೊಸದೇನಲ್ಲ. ಲೈಟ್ಸ್ ಕಂಪನಿಯ ಫೋಕೋಮ್ಯಾಟ್ ಐಸಿ ಎನ್‌ಲಾರ್ಜರ್‌ನಲ್ಲಿ ಕಂಡೆನ್ಸರ್ ಗಾಜೇ ಕೆಳಗಿಳಿದು ಫಿಲ್ಮಿನ ಬೆನ್ನು ಒತ್ತಿ ಹಿಡಿಯುತ್ತದೆ. ಫಿಲ್ಮ್ ಸರಿಸಬೇಕಾದಾಗ ಸನ್ನೆಗೋಲಿನಿಂದ ಅದನ್ನು ಎತ್ತಬೇಕು.

ಎತ್ತಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ನಾನು ಮರೆತಿದ್ದೇನೆ.

ಮರೆತದ್ದಕ್ಕಿಂತ ಮೊದಲು ಅತಿಬುದ್ಧಿವಂತಿಕೆ ಮಾಡಿದ್ದೆ. ಕ್ಯಾರಿಯರ್‌ನ ಕಿಟಕಿ ಸಾಮಾನ್ಯವಾಗಿ 24×36ಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರುತ್ತದೆ, ಫ್ರೇಮಿನ ಅಂಚು ಮುಚ್ಚಲಿ ಅಂತ. ಪೂರ್ತಿ ಫ್ರೇಮ್ ಬೇಕು ಅನ್ನುವವರು ಅರ ತಗೊಂಡು ಕಿಟಕಿಯನ್ನು ಉಜ್ಜಿ ಅಗಲ ಮಾಡುತ್ತಾರೆ. ಆಗ ಫ್ರೇಮಿನ ಸುತ್ತಲಿನ ಖಾಲಿ ಫಿಲ್ಮಿನಿಂದ ಬೆಳಕು ನುಗ್ಗಿ ಪ್ರಿಂಟಿಗೆ ಒಂದು ಕಪ್ಪು ಗೆರೆಯ ಚೌಕಟ್ಟು ಬರುತ್ತದೆ. ಕತ್ತರಿಸಿಲ್ಲ, ಕಂಡದ್ದು ಇಷ್ಟೇ ಅಂತ ಹೇಳುವ ಗೆರೆ. ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸ್ಸೋನ್ ಪ್ರಿಂಟುಗಳಿಂದ ಈ ಗೆರೆಗೆ ದೊಡ್ಡ ಮರ್ಯಾದೆ ಬಂತು. ಅವನ ಅತಿ ಪ್ರಸಿದ್ಧ ಚಿತ್ರ, 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ ನೀರು ಜಿಗಿಯುತ್ತಿರುವ ಮನುಷ್ಯನದು, ಕತ್ತರಿಸಿದ್ದೇ ಅನ್ನುವುದು ಬೇರೆ ಮಾತು. ಬೇಲಿಯ ಹಲಗೆ ಒಂದು ಪಕ್ಕ ಅಡ್ಡ ಬಂದಿತ್ತಂತೆ.

ನಾನೂ ಅರ ತಗೊಂಡೆ. ಒಂದು ಸಂಜೆ ಪೂರ್ತಿ ಉಜ್ಜಿದೆ. ಹೊಳೆಯುವ ಅಂಚಿಗೆ ಕಪ್ಪು ಮಾರ್ಕರ್ ಬಳಿದೆ. ಸ್ಯಾಂಡ್‌ಪೇಪರ್ ಹಾಕಿ ನುಣುಪು ಮಾಡಿದೆ, ಅಂದರೆ ಮಾಡಿದೆ ಅಂದುಕೊಂಡೆ. ಒಂದು ಮೂಲೆಯಲ್ಲಿ ಬೆರಳಿಗೆ ಸಿಗದಷ್ಟು ಸಣ್ಣ ಲೋಹದ ಮುಳ್ಳು ಉಳಿದಿತ್ತು. ಆರು ಫ್ರೇಮಿನ ಪಟ್ಟಿಯನ್ನು, ತಗಡು ಎತ್ತದೆ, ಸುಮ್ನೆ ಎಳೆದುಬಿಟ್ಟೆ. ನುಣುಪಾಗಿ ಜಾರಿತು. ಕೈಗೆ ಏನೂ ತಿಳಿಯಲಿಲ್ಲ. ಪ್ರಿಂಟ್ ತೊಳೆದು ದೀಪ ಹಾಕಿದಾಗ ಒಂದು ಕಪ್ಪು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ, ಎಡದಿಂದ ಬಲಕ್ಕೆ. ಪಟ್ಟಿ ತೆಗೆದು ನೋಡಿದೆ. ಮೂರನೇ ಫ್ರೇಮಿನಿಂದ ಆರನೆಯದರವರೆಗೆ ಒಂದೇ ಗೆರೆ.

ಕಪ್ಪು ಗೆರೆ ಅಂದರೆ ಕೆಟ್ಟ ಸುದ್ದಿ. ಬೇಸ್ ಕಡೆ ಗೀರು ಬಿದ್ದರೆ ಅಲ್ಲಿ ಬೆಳಕು ದಾರಿ ತಪ್ಪುತ್ತದೆ, ಪ್ರಿಂಟಿನಲ್ಲಿ ಬಿಳಿ ಗೆರೆ ಬರುತ್ತದೆ. ಅದಕ್ಕೆ ಔಷಧಿ ಇದೆ. ಮೂಗಿನ ಪಕ್ಕದ ಜಿಡ್ಡನ್ನು ಬೆರಳ ತುದಿಯಲ್ಲಿ ತಗೊಂಡು ಗೀರಿನ ಮೇಲೆ ಹಗುರವಾಗಿ ಸವರುವುದು. ನಗಬೇಡಿ. ಜಿಡ್ಡು ಗೀರಿನೊಳಗೆ ತುಂಬಿಕೊಂಡರೆ ಬೆಳಕು ನೇರ ಹೋಗುತ್ತದೆ, ಗೆರೆ ಮಾಯ. ತಲೆಮಾರುಗಳಿಂದ ಡಾರ್ಕ್‌ರೂಮಿನವರು ಮಾಡುತ್ತಾ ಬಂದಿರುವ ಕೆಲಸ ಇದು. ಬಿಳಿ ಚುಕ್ಕೆಯನ್ನಾದರೆ ಸಣ್ಣ ಕುಂಚದಲ್ಲಿ ಬಣ್ಣ ಇಟ್ಟು ಮುಚ್ಚಬಹುದು. ಎಮಲ್ಷನ್ನೇ ಕಿತ್ತು ಹೋಗಿದ್ದರೆ ಬೆಳ್ಳಿಯೇ ಇಲ್ಲ. ಅಲ್ಲಿ ಬೆಳಕು ಬಾಗಿಲು ತೆರೆದ ಹಾಗೆ ನುಗ್ಗುತ್ತದೆ. ಮೂಗು ಏನೂ ಮಾಡಲಾರದು.

ಅವತ್ತಿನಿಂದ ಕೈ ಒಂದು ಕ್ರಮ ಕಲಿತಿದೆ. ತಲೆ ಎತ್ತು, ತಗಡು ಹೊರಗೆ ತೆಗೆ, ಬಿಡಿಸು, ಪಟ್ಟಿಯನ್ನು ಅಂಚು ಹಿಡಿದು ಎತ್ತಿ ಸರಿಸು, ಮುಚ್ಚು. ಮುಚ್ಚುವ ಮೊದಲು ಎನ್‌ಲಾರ್ಜರ್‌ನದೇ ಬೆಳಕಿನಲ್ಲಿ ಪಟ್ಟಿಯನ್ನು ಓರೆಯಾಗಿ ಹಿಡಿದರೆ ಧೂಳು ನಕ್ಷತ್ರದ ಹಾಗೆ ಮಿನುಗುತ್ತದೆ. ಬ್ಲೋವರ್‌ನಿಂದ ಎರಡು ಸಲ ಊದುತ್ತೇನೆ. ಬಾಯಿಂದ ಊದುವುದಿಲ್ಲ, ಉಗುಳು ಹಾರುತ್ತದೆ. ಬ್ರಷ್‌ನಿಂದ ಜೋರಾಗಿ ಉಜ್ಜುವುದೂ ಇಲ್ಲ, ಉಜ್ಜಿದಷ್ಟೂ ಸ್ಥಿರವಿದ್ಯುತ್ ಹುಟ್ಟಿ ಧೂಳನ್ನು ಕರೆದು ಕೂರಿಸುತ್ತದೆ. ಪಟ್ಟಿಯನ್ನು ಒಂದೊಂದೇ ಫ್ರೇಮಾಗಿ ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಟ್ಟಿ ಉದ್ದ ಇದ್ದಷ್ಟೂ ತಗಡಿಗೆ ಹಿಡಿತ ಸಿಗುತ್ತದೆ. ಒಂಟಿ ಫ್ರೇಮ್ ಹಿಡಿಯುವುದು ಅಂದರೆ ಅಂಚೆಚೀಟಿಯನ್ನು ಬೆರಳ ತುದಿಯಲ್ಲಿ ನಿಲ್ಲಿಸಿದ ಹಾಗೆ.

ಗೆಳೆಯ ತಂದದ್ದು ಅಂಥದ್ದೇ ಒಂಟಿ ಫ್ರೇಮ್.

120 ರೋಲಿನ ಚೌಕ ಫ್ರೇಮ್, ನಾಲ್ಕೂ ಕಡೆ ಕತ್ತರಿಸಿದ್ದು. ಹಳೆಯ ಲಕೋಟೆಯಿಂದ ಅಂಗೈಗೆ ಸುರಿದಾಗ ಅದು ಬೀಡಿಯ ಹಾಗೆ ಸುತ್ತಿಕೊಂಡಿತ್ತು. "ಅಮ್ಮನ ಮದುವೆಗೆ ಮುಂಚಿನ ಫೋಟೊ ಇದೊಂದೇ ಕಣೋ. ಏನಾದ್ರೂ ಮಾಡು," ಅಂದ. ಮೊದಲು ಅಂಚು ಹುಡುಕಿದೆ. ಹಳೆಯ ನೈಟ್ರೇಟ್ ಬೇಸ್ ಆಗಿದ್ದರೆ ಬಿಸಿ ದೀಪದ ಕೆಳಗೆ ಇಡುವ ಮಾತೇ ಇಲ್ಲ, ಅದು ಭಗ್ಗನೆ ಹೊತ್ತಿಕೊಳ್ಳುವ ಜಾತಿ. ಕೊಡಕ್ ಕೂಡ 1950ರ ದಶಕದ ಆರಂಭದ ಹೊತ್ತಿಗೆ ಅದನ್ನು ಬಿಟ್ಟಿತು. ಕತ್ತರಿಯಿಂದ ಉಳಿದ ಅಂಚಿನಲ್ಲಿ ಸೇಫ್ಟಿ ಅನ್ನುವ ಅಕ್ಷರಗಳ ಅರ್ಧ ಭಾಗ ಕಂಡಿತು, ಅಂದರೆ ನೈಟ್ರೇಟ್ ಅಲ್ಲ. ಉಸಿರು ಬಿಟ್ಟೆ.

ಬಿಡಿಸಲು ಆತುರ ಮಾಡಲಿಲ್ಲ. ಹಳೆಯ ಜೆಲಾಟಿನ್ ಬಿರುಕು ಬಿಟ್ಟರೆ ಮುಗಿಯಿತು. ಒಂದು ಡಬ್ಬದೊಳಗೆ ಒದ್ದೆ ಬಟ್ಟೆ, ಅದಕ್ಕೆ ತಾಗದ ಹಾಗೆ ಮೇಲೆ ಜಾಲರಿ, ಜಾಲರಿ ಮೇಲೆ ನೆಗೆಟಿವ್. ತೇವದ ಗಾಳಿಗೆ ಅದು ತಾನಾಗಿಯೇ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ಅರ್ಧ ಬಿಚ್ಚಿದ ಮೇಲೆ ನುಣುಪು ಕಾಗದದ ನಡುವೆ ಇಟ್ಟು ಪುಸ್ತಕ ಹೇರಿದೆ. ಹತ್ತು ದಿನ ಗೆಳೆಯ ಕೇಳುತ್ತಲೇ ಇದ್ದ, ನಾನು ತೆಗೆಯಲಿಲ್ಲ. ಹನ್ನೊಂದನೆಯ ದಿನ ತೆಗೆದರೆ ಸುರುಳಿ ಹೋಗಿತ್ತು, ಆದರೂ ಮೂಲೆಗಳು ಮೇಲೇಳುತ್ತಿದ್ದವು. ಇದಕ್ಕೆ ಅರ್ಧ ಗಾಜು ಸಾಲದು. ಎರಡೂ ಗಾಜು ಬೇಕು, ಆರು ಮುಖವೂ ಒರೆಸಬೇಕು.

ಒಂದು ಗಂಟೆ ಒರೆಸಿದೆ. ಕಪ್ಪು ಕಾರ್ಡಿನಲ್ಲಿ ಫ್ರೇಮಿನ ಅಳತೆಗೆ ಕಿಟಕಿ ಕತ್ತರಿಸಿ ಸುತ್ತ ಇಟ್ಟೆ, ಪಕ್ಕದಿಂದ ಬೆಳಕು ಸೋರಬಾರದಲ್ಲ. ಎಮಲ್ಷನ್ ಕೆಳಗೆ. ಚಿತ್ರ ಕೆಳಗೆ ನೆಟ್ಟಗೆ ಬೀಳಲಿ ಅಂತ ತಲೆಕೆಳಗು. ಮೇಲಿನ ಗಾಜನ್ನು ಒಂದು ಅಂಚಿನಿಂದ ಶುರುಮಾಡಿ ನಿಧಾನವಾಗಿ ಇಳಿಸಿದೆ. 80 ಎಂಎಂ ಲೆನ್ಸ್, ಎಫ್/8, ಇಪ್ಪತ್ತು ಸೆಂಟಿಮೀಟರ್ ಚೌಕ. ಮೂರೂವರೆ ಪಟ್ಟು ಅಷ್ಟೇ, ಸಣ್ಣ ತಪ್ಪು ಮುಚ್ಚಿಹೋಗುವ ಅಳತೆ. ಸೇಫ್‌ಲೈಟಿನ ಕೆಳಗೆ ಡೆವಲಪರ್‌ನಲ್ಲಿ ಮೊದಲು ಜಡೆ ಕಂಡಿತು, ಆಮೇಲೆ ಸೀರೆಯ ಅಂಚು, ಕೊನೆಗೆ ಮುಖ. ಗೆಳೆಯ ಟ್ರೇ ಮೇಲೆ ಎಷ್ಟು ಬಗ್ಗಿದ್ದ ಅಂದರೆ ಅವನ ಮೂಗು ದ್ರಾವಣಕ್ಕೆ ತಾಗುವುದು ಬಾಕಿ ಇತ್ತು. ಚಿತ್ರವನ್ನು ಗಟ್ಟಿ ನಿಲ್ಲಿಸುವ ಫಿಕ್ಸರ್‌ನಿಂದ ತೆಗೆದು ದೀಪ ಹಾಕಿದ ಮೇಲೂ ಅವನು ಏನೂ ಮಾತಾಡಲಿಲ್ಲ. ನಾನು ನೋಡಿದ್ದು ಚುಕ್ಕೆಗಳನ್ನು. ಎರಡೇ ಇದ್ದವು, ಒಂದು ಜಡೆ ಮೇಲೆ, ಒಂದು ಹಿಂದಿನ ಗೋಡೆ ಮೇಲೆ.

"ಇದನ್ನೇ ಸ್ವಲ್ಪ ದೊಡ್ಡದು ಮಾಡಕ್ಕಾಗುತ್ತಾ? ಗೋಡೆಗೆ ಹಾಕೋ ಅಷ್ಟು?" ಅಂತ ಕೇಳಿದ.

ನಲವತ್ತು ಸೆಂಟಿಮೀಟರ್. ಏಳು ಪಟ್ಟು. ಆಳದಲ್ಲಿ ಏಳೇಳ್ಲ ನಲವತ್ತೊಂಬತ್ತು. ಎರಡು ಚುಕ್ಕೆ ಹೋಗಿ ಇನ್ನೆಷ್ಟು ಕಾಣುತ್ತವೋ. ತಲೆಯನ್ನು ಕಂಬದ ತುದಿಗೆ ಏರಿಸಿ, ತಗಡು ಹೊರಗೆ ತೆಗೆದೆ. "ಆಗುತ್ತೆ, ಆ ಬ್ಲೋವರ್ ಕೊಡು ಇಲ್ಲಿ," ಅಂದೆ.